ಅಳತೆಗೆ ಹೋಗುತ್ತಿದ್ದವಳು ಕರಿ ಕೋಟು ಹಾಕಿದ್ದು

ವಕೀಲಳಾಗುವ ಮೊದಲು, ಲಾ ಕಾಲೇಜು ಸೇರುವ ತನಕ ಎಂಟು ವರ್ಷ ನಾನು ಪೂರ್ತಿ ಹೊತ್ತು ಜಮೀನು ಅಳೆಯುತ್ತಿದ್ದೆ. ಸರ್ಕಾರಿ ನೌಕರಿ ಅಲ್ಲ, ಲೈಸೆನ್ಸ್ ಪಡೆದ ಸರ್ವೆಯರ್. ತಿಂಗಳ ಸಂಬಳ ಇಲ್ಲ, ಫೈಲಿಗೆ ಇಷ್ಟು ಅಂತ ದುಡ್ಡು. ತುಮಕೂರು ಜಿಲ್ಲೆಯ ತೆಂಗಿನ ತೋಟ, ರಾಗಿ ಹೊಲಗಳ ಬದುಗಳ ಮೇಲೆ ಆ ಎಂಟು ವರ್ಷ ಕಳೆದವು. ಈಗ ಕೋರ್ಟಿಗೆ ಹೋಗುತ್ತೇನೆ. ಬೇರೆ ಕೆಲಸದಲ್ಲಿರುವ ಕೆಲವರು ಆಗಾಗ ಬಂದು ಕೇಳುತ್ತಾರೆ. ಮೂವತ್ತು ದಾಟಿದ ಮೇಲೆ ಲಾ ಓದಬಹುದಾ? ಹಳೆ ಕೆಲಸ ಉಪಯೋಗಕ್ಕೆ ಬರುತ್ತಾ? ಅವರಿಗೆಲ್ಲ ಎರಡು ಮಾತಿನಲ್ಲಿ ಹೇಳಿ ಕಳಿಸಲು ನನಗೆ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಹಳೆ ಕೆಲಸದ ಬಗ್ಗೆ ಹೇಳಬೇಕು. ನಾನು ಕಾನೂನು ಓದಲು ಕಾರಣವೇ ಅದು.

ಗಣಿತ ಇದ್ದ ಬಿ.ಎಸ್ಸಿ. ಮುಗಿಸಿ, ಸರ್ವೆ ತರಬೇತಿ ಪಡೆದು, 2009ರಲ್ಲಿ ಲೈಸೆನ್ಸ್ ತೆಗೆದುಕೊಂಡೆ. ನಮ್ಮ ಪಾಲಿಗೆ ಜಾಸ್ತಿ ಬರುತ್ತಿದ್ದದ್ದು 11ಇ ನಕ್ಷೆಯ ಫೈಲುಗಳು. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರಬೇಕು, ಇಲ್ಲವೇ ಪಾಲು ಮಾಡಿಕೊಳ್ಳಬೇಕು ಅಂದರೆ ರಿಜಿಸ್ಟರ್ ಆಗುವ ಮೊದಲು ಈ ನಕ್ಷೆ ಬೇಕು. ಯಾವ ಭಾಗ, ಎಷ್ಟು ಗುಂಟೆ, ಯಾವ ದಿಕ್ಕಿಗೆ ಅಂತ ಅದರಲ್ಲಿ ಇರುತ್ತೆ. ಫೈಲು ಕೈಗೆ ಬಂದ ಮೇಲೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಡಬೇಕು. ದಾಖಲೆ ಕೋಣೆಯಿಂದ ಟಿಪ್ಪಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಪಹಣಿ (ಜಮೀನು ಯಾರ ಹೆಸರಿನಲ್ಲಿದೆ ಅನ್ನುವ ಹಕ್ಕು ದಾಖಲೆ), ಮ್ಯುಟೇಶನ್ (ಖಾತೆ ಬದಲಾದ ದಾಖಲೆ) ಪ್ರತಿಗಳನ್ನು ತೆಗೆಸಬೇಕು. ಆಮೇಲೆ ಹೊಲಕ್ಕೆ.

ಟಿಪ್ಪಣಿ ಅಂದರೆ ಅಳತೆ ಮಾಡಿದವರು ಹೊಲದಲ್ಲೇ ನಿಂತು ಬರೆದ ಚಿತ್ರ. ಸ್ಕೇಲಿಗೆ ಸರಿಯಾಗಿ ಇರುವುದಿಲ್ಲ. ನಡುವೆ ಒಂದು ಗೆರೆ, ಆ ಗೆರೆಯಿಂದ ಆಚೆ ಈಚೆ ಪ್ರತಿ ಮೂಲೆಗೆ ಎಷ್ಟು ದೂರ ಅಂತ ಅಂಕಿ. ಅಷ್ಟೇ. ಹಳೇ ಮೈಸೂರಿನಲ್ಲಿ ಬ್ರಿಟಿಷ್ ಅಧಿಕಾರಿ ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1863ರಲ್ಲಿ ಕಂದಾಯ ಸರ್ವೆ ಶುರುವಾಯಿತು. ಆ ಪರಂಪರೆಯ ಕಾಗದಗಳನ್ನೇ ನಾವು ಇವತ್ತಿಗೂ ಬಿಡಿಸಿ ನೋಡುವುದು. ಮಡಿಕೆಯಲ್ಲಿ ಹರಿದಿರುತ್ತೆ, ಶಾಯಿ ಕಂದಿರುತ್ತೆ. ಆದರೆ ಅಂಕಿ ಮಾತ್ರ ಸುಳ್ಳು ಹೇಳುವುದಿಲ್ಲ ಅಂತ ನನಗೆ ಕಲಿಸಿದ ಹಿರಿಯ ಸರ್ವೆಯರ್ ಹೇಳುತ್ತಿದ್ದರು.

ಅಳತೆಯ ಚೈನು, ಅಂದರೆ ಸರಪಳಿ, 33 ಅಡಿ. ಅದನ್ನು 16 ಆಣೆ ಮಾಡಿದ್ದಾರೆ. ಒಂದು ಆಣೆ ಎರಡು ಅಡಿಗೆ ತುಸು ಜಾಸ್ತಿ. ಒಂದು ಚೈನು ಉದ್ದ, ಒಂದು ಚೈನು ಅಗಲದ ಚೌಕ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹಾಗಾಗಿ ಉದ್ದ ಅಗಲವನ್ನು ಚೈನಿನಲ್ಲೇ ಗುಣಿಸಿದರೆ ಗುಂಟೆಯ ಲೆಕ್ಕ ತಾನಾಗೇ ಬರುತ್ತೆ. ಇದನ್ನು ಯೋಚಿಸಿ ಮಾಡಿದವರ ತಲೆ ಎಷ್ಟು ಚೆನ್ನಾಗಿತ್ತು ಅಲ್ವಾ? ಆಮೇಲೆ ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಬಂತು, ಈಗ ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್ ಬಂದಿದೆ. ಆದರೂ ಹಳೆ ಟಿಪ್ಪಣಿ ಓದಬೇಕು ಅಂದರೆ ಚೈನು, ಆಣೆಯ ಭಾಷೆ ಬರಲೇಬೇಕು.

ಹೊಲದಲ್ಲಿ ಮೊದಲ ಕೆಲಸ ಹಳೆ ಬಾಂದು ಕಲ್ಲು, ಅಂದರೆ ಗಡಿ ಗುರುತಿನ ಕಲ್ಲು, ಹುಡುಕುವುದು. ಕೆಲವು ಮಣ್ಣಲ್ಲಿ ಹೂತಿರುತ್ತವೆ. ಕೆಲವು ಯಾರದೋ ಬಚ್ಚಲ ಕಲ್ಲಾಗಿರುತ್ತವೆ. ಒಂದು ಕಲ್ಲು ಸಿಕ್ಕರೆ ಸಾಲದು. ಅಲ್ಲಿಂದ ಇನ್ನೊಂದು ಗುರುತಿಗೆ ಅಳೆದು, ಟಿಪ್ಪಣಿಯ ಅಂಕಿಗೆ ತಾಳೆ ಆಗುತ್ತಾ ನೋಡಬೇಕು. ತಾಳೆ ಆಗದಿದ್ದರೆ ಮತ್ತೊಂದು ಕಲ್ಲು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತೆ. ಅಳತೆಗೆ ಹೆಂಗಸು ಬಂದಿದ್ದಾಳೆ ಅಂತ ಊರಿನ ಅರ್ಧ ಜನ ಬದುವಿನ ಮೇಲೆ ಕೂತಿರುತ್ತಾರೆ. ಮೊದಲ ವರ್ಷ ಅದು ಕಷ್ಟ ಆಯಿತು. ಆಮೇಲೆ ಅದೇ ಒಳ್ಳೆಯದಾಯಿತು. ಮನೆ ಹೆಂಗಸರು ಗಂಡಸು ಸರ್ವೆಯರ್ ಹತ್ತಿರ ಬಂದು ಮಾತಾಡುವುದಿಲ್ಲ. ನನ್ನ ಹತ್ತಿರ ಬರುತ್ತಿದ್ದರು. ನೀರು ಕೊಡುವ ನೆಪದಲ್ಲಿ ಬಂದು, ತಮ್ಮ ಮನಸ್ಸಿನಲ್ಲಿ ಇರುವುದನ್ನು ಕೇಳುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬರು ನನ್ನನ್ನು ಲಾ ಕಾಲೇಜಿಗೆ ಕಳಿಸಿದರು ಅಂತಲೇ ಹೇಳಬೇಕು.

2013ರ ಬೇಸಿಗೆ. ಅಪ್ಪ ತೀರಿಹೋಗಿ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಬಂದಿದ್ದ ತೋಟ. ಅಣ್ಣ ತಮ್ಮ ಭಾಗ ಮಾಡಿಕೊಳ್ಳಲು ಅರ್ಜಿ ಹಾಕಿದ್ದರು. ನಾನು ಅಳೆದು, ನಡುವೆ ಗೆರೆ ಎಳೆದು, ಎರಡು ಭಾಗಕ್ಕೆ ಎರಡು ಬಣ್ಣ ಹಚ್ಚುತ್ತಿದ್ದೆ. ಬೇರೆ ಊರಿಗೆ ಮದುವೆ ಮಾಡಿಕೊಟ್ಟಿದ್ದ ಅಕ್ಕ ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದರು. ಬಂದವರು ಯಾರ ಹತ್ತಿರವೂ ಜಗಳ ಆಡಲಿಲ್ಲ. ನನ್ನ ಪಕ್ಕ ಕೂತು ಕಾಗದ ನೋಡಿದರು.

"ಇದ್ರಲ್ಲಿ ನಂದು ಎಲ್ಲಿ ಬರ್ತದೆ, ತೋರ್ಸವ್ವ" ಅಂದರು.

ತಮ್ಮ ನನ್ನ ಕಡೆ ತಿರುಗಿ, "ಅಕ್ಕಂದು ಏನೂ ಇಲ್ಲ ಮೇಡಂ. ಅವಳ ಮದುವೆಗೆ ಖರ್ಚು ಮಾಡಿದೀವಿ" ಅಂದ. ಕೋಪದಲ್ಲಿ ಹೇಳಲಿಲ್ಲ. ಅದು ಸತ್ಯ ಅಂತ ನಂಬಿ ಹೇಳಿದ.

"ಅಕ್ಕ, ನನ್ನ ಫೈಲಲ್ಲಿ ಇರೋದು ಎರಡೇ ಹೆಸರು. ಕಲ್ಲು ಎಲ್ಲಿದೆ ಅಂತ ನಾನು ಹೇಳಬಹುದು. ಯಾರಿಗೆ ಎಷ್ಟು ಅಂತ ಹೇಳೋಕಾಗಲ್ಲ. ಯಾರಾದರೂ ವಕೀಲರನ್ನ ಕೇಳಿ" ಅಂದೆ.

"ನಂಗೆ ಯಾವ ವಕೀಲರು ಗೊತ್ತವ್ವ?" ಅಂದು ಎದ್ದು ಹೋದರು. ಬಸ್ಸಿಗೆ ಹೊತ್ತಾಗಿತ್ತು.

ನಾನು ಹೇಳಿದ್ದು ತಪ್ಪಲ್ಲ. ಸರ್ವೆಯರ್ ಗೆರೆ ಎಲ್ಲಿದೆ ಅಂತ ಹೇಳುತ್ತಾರೆ, ಗೆರೆ ಯಾರದು ಅಂತ ಹೇಳುವುದಿಲ್ಲ. ಆದರೆ ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಆಕೆಗೆ ಹಕ್ಕು ಇತ್ತೋ ಇಲ್ಲವೋ ಅನ್ನುವುದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನೂರಾರು ನಕ್ಷೆಗೆ ಬಣ್ಣ ಹಚ್ಚಿದ್ದೆ.

ಮಾರನೇ ವಾರ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತ್ತು. ಆದರೆ ಅದಕ್ಕಿಂತ ಮೊದಲು ಮದುವೆಯಾದವರಿಗೆ ಆ ಪಾಲು ಇರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯ ಆ ಅಡ್ಡಗೋಡೆ ಬಿತ್ತು. 2004ರ ಡಿಸೆಂಬರ್ 20ಕ್ಕೂ ಮೊದಲು ಸರಿಯಾಗಿ ವಿಭಾಗ ಆಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕುವ ಹಾಗಿಲ್ಲ. ಇಷ್ಟು ಕೇಳಿಸಿಕೊಂಡು ನಾನು ಸುಮ್ನೆ ಕೂತುಬಿಟ್ಟೆ. ನಾನು ಬದುವಿನ ಮೇಲೆ ನೋಡಿದ ಎಷ್ಟೋ ಅಕ್ಕತಂಗಿಯರ ಬದುಕು ಈ ತಾರೀಖುಗಳ ನಡುವೆ ಇತ್ತು.

ಆ ಅಕ್ಕನ ಊರಿನ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಮತ್ತೆ ಅವರು ಸಿಗಲಿಲ್ಲ.

ಲಾ ಓದಬೇಕು ಅನ್ನುವ ಆಸೆ ಅಂದೇ ಹುಟ್ಟಿತು. ಸೇರಿದ್ದು ನಾಲ್ಕು ವರ್ಷ ಆದ ಮೇಲೆ. ಮಗಳು ಚಿಕ್ಕವಳಿದ್ದಳು, ಮನೆ ಕಟ್ಟಿದ ಸಾಲ ಇತ್ತು. ಅಷ್ಟರಲ್ಲಿ ವಯಸ್ಸಿನ ಅಡ್ಡಿ ಬಂತು. ಮೂರು ವರ್ಷದ ಎಲ್‌ಎಲ್‌ಬಿಗೆ 30 ವರ್ಷ ದಾಟಿದವರು ಸೇರುವಂತಿಲ್ಲ ಅನ್ನುವ ನಿಯಮವನ್ನು ಭಾರತೀಯ ವಕೀಲರ ಪರಿಷತ್ತು 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಜಾರಿಗೆ ತಂದಿತು. ನನಗೆ ಆಗ 30 ತುಂಬಿತ್ತು. ಆಸೆ ಮುಗಿಯಿತು ಅಂದುಕೊಂಡೆ. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಗೆ ತಡೆ ಕೊಟ್ಟಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಮ್ಮ ಮನೆಯವರು, "ಇನ್ನು ಯೋಚನೆ ಮಾಡ್ತಾ ಕೂತರೆ ಮತ್ತೆ ಬಾಗಿಲು ಹಾಕಬಹುದು, ಹೋಗಿ ಅರ್ಜಿ ತಂದುಬಿಡು" ಅಂದರು. ಆ ವರ್ಷವೇ ಸೇರಿದೆ. ಕೆಲಸದಲ್ಲಿದ್ದು ಲಾ ಓದಬೇಕು ಅನ್ನುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ನೀವು ಸೇರುವ ವರ್ಷ ಏನಿದೆ ಅಂತ ಕಾಲೇಜಿನಲ್ಲೇ ಹೋಗಿ ಕೇಳಿ. ಯಾರೋ ಹೇಳಿದರು ಅಂತ ಬಿಟ್ಟುಬಿಡಬೇಡಿ.

ಇನ್ನೊಂದು ಮಾತು. ಇದು ಮನೆಯಲ್ಲೇ ಕೂತು ಓದುವ ಪದವಿ ಅಲ್ಲ. ಪ್ರತಿ ವಿಷಯಕ್ಕೆ ಶೇ. 70 ಹಾಜರಾತಿ ಬೇಕು. ಸರ್ಕಾರಿ ನೌಕರಿಯಲ್ಲಿದ್ದರೆ ನನಗೆ ಆಗುತ್ತಲೇ ಇರಲಿಲ್ಲ. ಲೈಸೆನ್ಸ್ ಸರ್ವೆಯರ್ ಆಗಿದ್ದರಿಂದ ಫೈಲು ಕಡಿಮೆ ಮಾಡಿಕೊಂಡೆ. ವಾರದ ದಿನ ತುಮಕೂರಿನಲ್ಲಿ ತರಗತಿ, ಶನಿವಾರ ಭಾನುವಾರ ಹೊಲ. ಆದಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅತ್ತೆ ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕಿ ಮನೆ ತೂಗಿಸಿದರು. ಅವರು ಓದಿದವರಲ್ಲ. "ನೀನು ಅರ್ಧಕ್ಕೆ ಬಿಟ್ರೆ ನಾನು ಸುಮ್ನಿರಲ್ಲ" ಅಂತ ಮಾತ್ರ ಹೇಳುತ್ತಿದ್ದರು.

ಮೊದಲ ಸೆಮಿಸ್ಟರ್‌ನಲ್ಲಿ ಭಾಷೆ ನನ್ನನ್ನು ಹೆದರಿಸಿತು. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಡಿಗ್ರಿಯಲ್ಲಿ ಗಣಿತದ ಇಂಗ್ಲಿಷ್ ಸಾಕಾಗಿತ್ತು, ಇಲ್ಲಿ ಅದು ಸಾಲಲಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆ ಪತ್ರಿಕೆಯಲ್ಲಿ ಕನ್ನಡವೂ ಇರುತ್ತೆ. ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬೇಕು, ಬೆರೆಸುವ ಹಾಗಿಲ್ಲ. ನಾನು ಕನ್ನಡದಲ್ಲಿ ಬರೆದೆ. ಅದಕ್ಕೆ ಸ್ವಲ್ಪವೂ ಬೇಸರ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಕನ್ನಡದಲ್ಲೇ ಹೇಳುತ್ತಾರೆ. ಪಾಟೀ ಸವಾಲು, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಕನ್ನಡದಲ್ಲೇ ಆಗುತ್ತೆ. ಇಂಗ್ಲಿಷ್ ತೀರ್ಪು ಓದಿ ಅರ್ಥ ಮಾಡಿಕೊಳ್ಳುವುದನ್ನು ಬೇರೆಯಾಗಿ ಕಲಿತೆ. ದಿನಕ್ಕೆ ಎರಡು ಪುಟ, ಬಸ್ಸಿನಲ್ಲಿ. ಗೊತ್ತಾಗದ ಪದಕ್ಕೆ ಅಡಿಗೆರೆ. ಮೂರು ವರ್ಷದಲ್ಲಿ ಅಡಿಗೆರೆ ಕಡಿಮೆ ಆಗುತ್ತಾ ಬಂತು.

ಬೇರೆ ವಿಷಯಗಳನ್ನು ಕಷ್ಟಪಟ್ಟು ಓದಿದೆ. ಭೂಮಿಯ ಕಾನೂನಿಗೆ ಬಂದಾಗ ಮಾತ್ರ ಮನೆಗೆ ಬಂದ ಹಾಗೆ ಆಯಿತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಹೇಳುವುದು ಇದು: ಹಕ್ಕು ದಾಖಲೆಯಲ್ಲಿ ಬರೆದದ್ದನ್ನು, ಬೇರೆ ರೀತಿ ಸಾಬೀತಾಗುವ ತನಕ, ನಿಜ ಅಂತ ಭಾವಿಸಬೇಕು. ತರಗತಿಯಲ್ಲಿ ಉಳಿದವರು ಅದನ್ನು ಉರು ಹೊಡೆದರು. ನನಗೆ "ಬೇರೆ ರೀತಿ ಸಾಬೀತಾಗುವ ತನಕ" ಅನ್ನುವ ಮಾತು ತೋಟದಲ್ಲಿ ಕೂತಿದ್ದ ಆ ಅಕ್ಕನ ಮುಖ ತಂದುಕೊಟ್ಟಿತು. ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕತೆ ಮುಗಿಯಲಿಲ್ಲ ಅಂತ ಆಯಿತಲ್ಲ. ಖರಾಬಿನಲ್ಲಿ, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರಿಸದ ನೆಲದಲ್ಲಿ, "ಎ" ಅಂದರೆ ಬೇಸಾಯಕ್ಕೆ ಬಾರದ್ದು, "ಬಿ" ಅಂದರೆ ದಾರಿ, ಹಳ್ಳದ ಹಾಗೆ ಸಾರ್ವಜನಿಕರಿಗೆ ಬಿಟ್ಟದ್ದು ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ನನ್ನ ಕಣ್ಣ ಮುಂದೆ ಬಂದದ್ದು ಬೋರ್ಡಲ್ಲ, ಜನ ಉತ್ತು ಮುಚ್ಚಿಹಾಕಿದ ಹಳ್ಳಗಳು.

ಕೊನೆಯ ವರ್ಷ ಕೋವಿಡ್ ಬಂತು. ತರಗತಿ ಮೊಬೈಲಿಗೆ ಇಳಿಯಿತು. ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಕೆರೆ ಏರಿಯ ಮೇಲೆ, ಅಲ್ಲೇ ಕೂರುತ್ತಿದ್ದೆ. ಆ ದಿನಗಳಲ್ಲೇ, 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಹೆಣ್ಣುಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಅಂತ ಕೋರ್ಟ್ ಹೇಳಿತು. ಕೆರೆ ಏರಿಯ ಮೇಲೆ ಕೂತು ಅದನ್ನು ಓದಿದೆ. ಕಣ್ಣಲ್ಲಿ ನೀರು ಬಂತು.

ವಕೀಲಿ ಮಾಡಲು ಬೇಕಾದ ಸನ್ನದು ಪಡೆದದ್ದು 2021ರಲ್ಲಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಬೇಕಿತ್ತು. ವಕೀಲರಾಗಿ ಹೆಸರು ಬರೆಸುವವರು ಬೇರೆ ಉದ್ಯೋಗ, ವ್ಯಾಪಾರದಲ್ಲಿ ಇಲ್ಲ ಅಂತ ಘೋಷಣೆ ಕೊಡಬೇಕು. ಸರ್ವೆ ಲೈಸೆನ್ಸ್ ಹಿಂದಿರುಗಿಸಿದೆ. ನನ್ನ ಹತ್ತಿರ ಇದ್ದ ಬಾಕಿ ಫೈಲುಗಳನ್ನೆಲ್ಲ ಮುಗಿಸಿ, ಒಂದು ಸೋಮವಾರ ಹೋಗಿ ಬರೆದುಕೊಟ್ಟೆ. ಅಲ್ಲಿದ್ದ ಮೇಲ್ವಿಚಾರಕರು "ಮತ್ತೊಂದು ಸಲ ಯೋಚನೆ ಮಾಡಮ್ಮ, ಇದು ಅನ್ನ ಕೊಟ್ಟ ಕೆಲಸ" ಅಂದರು. ಅವರು ಹೇಳಿದ್ದು ನಿಜ. ಬಸ್ಸಿನಲ್ಲಿ ಬರುವಾಗ ಕೈ ಖಾಲಿ ಖಾಲಿ ಅನ್ನಿಸಿತು.

ನೋಂದಣಿಗೆ ಆಗ ಸಾವಿರಗಟ್ಟಲೆ ಖರ್ಚಾಯಿತು. ಈಗ ಬರುವವರಿಗೆ ಆ ಹೊರೆ ಇಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆಯಲ್ಲಿ ಇರುವಷ್ಟೇ, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ ಮಾತ್ರ ನೋಂದಣಿ ಶುಲ್ಕ ತೆಗೆದುಕೊಳ್ಳಬೇಕು ಅಂತ ಹೇಳಿತು. ಬಡವರ ಮಕ್ಕಳಿಗೆ ಇದು ದೊಡ್ಡ ಸಹಾಯ. ಅಖಿಲ ಭಾರತ ವಕೀಲರ ಪರೀಕ್ಷೆ 100 ಪ್ರಶ್ನೆಗಳದ್ದು, ಕನ್ನಡದಲ್ಲೂ ಬರೆಯಬಹುದು. ಅದನ್ನೂ ದಾಟಿದೆ.

ಇನ್ನು ಸೀನಿಯರ್ ಆಫೀಸು. ಅಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಆದದ್ದು ಕಾನೂನು ಅಲ್ಲ, ಇಂಗ್ಲಿಷ್ ಅಲ್ಲ. ಒಂದು ಕಡೆಗೆ ನಿಲ್ಲುವುದು. ಸರ್ವೆಯರ್ ಯಾರ ಕಡೆಯವರೂ ಅಲ್ಲ. ಇಬ್ಬರ ಮುಂದೆಯೂ ಒಂದೇ ಅಂಕಿ ಹೇಳಬೇಕು, ಅದೇ ಆ ಕೆಲಸದ ಮರ್ಯಾದೆ. ಎಂಟು ವರ್ಷ ಹಾಗೆ ಬದುಕಿದವಳು ಈಗ ಕಕ್ಷಿದಾರರ ಪರವಾಗಿ ಮಾತಾಡಬೇಕು. ಮೊದಲ ತಿಂಗಳುಗಳಲ್ಲಿ ಯಾರಾದರೂ ಬಂದು ತಮ್ಮ ಕತೆ ಹೇಳಿದರೆ, "ಪಕ್ಕದವರು ಏನು ಹೇಳ್ತಾರೆ?" ಅಂತ ನನ್ನ ಬಾಯಿಂದ ಬಂದುಬಿಡುತ್ತಿತ್ತು. ಸೀನಿಯರ್ ಒಂದು ದಿನ ಕೂರಿಸಿಕೊಂಡು ಹೇಳಿದರು: "ಆ ಪ್ರಶ್ನೆ ಬಿಡಬೇಡಿ. ಆದರೆ ಅದನ್ನ ಅವರ ಎದುರಾಳಿಯಾಗಿ ಕೇಳಬೇಡಿ, ಅವರ ವಕೀಲರಾಗಿ ಕೇಳಿ." ಅದನ್ನು ಅರ್ಥ ಮಾಡಿಕೊಳ್ಳಲು ಒಂದು ವರ್ಷ ಹಿಡಿಯಿತು.

ದಾವಾ ಪತ್ರದ ಕೊನೆಯಲ್ಲಿ ಷೆಡ್ಯೂಲ್ ಅಂತ ಇರುತ್ತೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಜಮೀನಿನ ದಾವೆ ಅಂದರೆ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರ, ಗಡಿ ಇಲ್ಲವೇ ಸರ್ವೆ ನಂಬರಿನ ಸಮೇತ, ಕೊಡಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 3ನೇ ನಿಯಮ ಹೇಳುತ್ತೆ. ಎಷ್ಟೋ ಆಫೀಸುಗಳಲ್ಲಿ ಇದನ್ನು ಹಳೆ ಕ್ರಯಪತ್ರ ನೋಡಿಕೊಂಡು ಟೈಪ್ ಮಾಡಿಬಿಡುತ್ತಾರೆ. ನನ್ನ ಪಾಲಿಗೆ ಅದೇ ದಾವೆಯ ಹೃದಯ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಗೆಲ್ಲುವುದು ಚಕ್ಕುಬಂದಿ. ಅದನ್ನು ನೆಲ ನೋಡದೆ ಬರೆಯುವುದು ಹೇಗೆ? ನಾನು ಸೇರಿದ ಆರು ತಿಂಗಳಲ್ಲಿ ಒಂದು ಕರಡಿನಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದು ಕಣ್ಣಿಗೆ ಬಿತ್ತು. ಕ್ರಯಪತ್ರದಲ್ಲೇ ತಪ್ಪಿತ್ತು, ಮೂವತ್ತು ವರ್ಷದಿಂದ ಯಾರೂ ನೋಡಿರಲಿಲ್ಲ. ಅಂದಿನಿಂದ ನಮ್ಮ ಆಫೀಸಿನಲ್ಲಿ ಜಮೀನಿನ ಯಾವ ದಾವೆಯೂ ಸ್ಥಳ ನೋಡದೆ ಹೋಗುವುದಿಲ್ಲ. ಸೀನಿಯರ್ ಅದನ್ನು ತಾವೇ ಪದ್ಧತಿ ಮಾಡಿದರು.

ಆಮೇಲೆ ಬಂದದ್ದು ಕೋರ್ಟ್ ಕಮಿಷನರ್ ವರದಿಯ ಪ್ರಕರಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒತ್ತುವರಿಯ ದಾವೆ. ನಾವು ಪ್ರತಿವಾದಿ ಪರ. ಅದೇ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಕೋರ್ಟು ಒಬ್ಬ ಸರ್ವೆಯರನ್ನು ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ ಸ್ಥಳ ನೋಡಿ ವರದಿ ಕೊಡಲು, ನೇಮಿಸಿತ್ತು. ನಮ್ಮ ಕಕ್ಷಿದಾರರು ಮೂರು ಗುಂಟೆ ಒತ್ತಿದ್ದಾರೆ ಅಂತ ವರದಿ ಬಂತು. ಜೊತೆಗೆ ನೀಟಾದ ನಕ್ಷೆ. ಆಫೀಸಿನಲ್ಲಿ ಎಲ್ಲರೂ ಕೈ ಚೆಲ್ಲಿದರು. ನಾನು ನಕ್ಷೆಯನ್ನು ಟಿಪ್ಪಣಿ ಪಕ್ಕದಲ್ಲಿಟ್ಟು ರಾತ್ರಿಯೆಲ್ಲ ಕೂತೆ. ಅಳತೆ ಶುರುವಾದ ನೈಋತ್ಯ ಮೂಲೆಯಿಂದ ಹಳ್ಳದ ತಿರುವಿಗೆ ಟಿಪ್ಪಣಿಯಲ್ಲಿ ಇದ್ದ ದೂರ ಒಂದು, ನಕ್ಷೆಯಲ್ಲಿ ಇದ್ದದ್ದು ಇನ್ನೊಂದು. ಭಾನುವಾರ ಹೋಗಿ ನೋಡಿದೆ. ಅಲ್ಲಿದ್ದ ಕಲ್ಲಿನ ಬುಡದಲ್ಲಿ ಸಿಮೆಂಟು ಇತ್ತು. ಹಳೆ ಬಾಂದಿಗೆ ಯಾರು ಸಿಮೆಂಟು ಹಾಕಿರುತ್ತಾರೆ?

ಪಾಟೀ ಸವಾಲಿಗೆ ಪ್ರಶ್ನೆಗಳನ್ನು ನಾನು ಬರೆದುಕೊಟ್ಟೆ, ಸೀನಿಯರ್ ಕೇಳಿದರು. ಅಳತೆ ಎಲ್ಲಿಂದ ಶುರು ಮಾಡಿದಿರಿ? ಮೂಲೆಯ ಕಲ್ಲಿನಿಂದ. ಅದು ಟಿಪ್ಪಣಿಯಲ್ಲಿರುವ ಕಲ್ಲೇ ಅಂತ ಹೇಗೆ ಗೊತ್ತಾಯಿತು? ವಾದಿಯವರು ತೋರಿಸಿದರು. ಬೇರೆ ಬಾಂದಿನಿಂದ ತಾಳೆ ನೋಡಿದಿರಾ? ಇಲ್ಲ. ಹಳ್ಳದ ತಿರುವಿಗೆ ಅಳೆದಿರಾ? ಇಲ್ಲ.

ಪ್ರತಿ "ಇಲ್ಲ" ಬಂದಾಗಲೂ ನನ್ನ ಎದೆ ಹೊಡೆದುಕೊಂಡಿತು. ಗೆಲುವಿನ ಖುಷಿ ಅಲ್ಲ ಅದು. ಕಟಕಟೆಯಲ್ಲಿ ನಿಂತವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಒಂದೇ ದಿನಕ್ಕೆ ಮೂರು ನಾಲ್ಕು ಜಾಗ, ಬಿಸಿಲು, ಎರಡೂ ಕಡೆಯವರ ಕೂಗಾಟ. ಹೊತ್ತು ಮುಳುಗುವ ಮೊದಲು ಮುಗಿಸಬೇಕು ಅನ್ನುವ ಅವಸರದಲ್ಲಿ ಎರಡನೇ ಕಲ್ಲು ಹುಡುಕದೆ ಬಂದಿರುತ್ತಾರೆ. ಆ ಅವಸರ ನಾನೂ ಪಟ್ಟಿದ್ದೇನೆ. ಅವರನ್ನು ಸುಳ್ಳುಗಾರರು ಅನ್ನುವ ಒಂದು ಪ್ರಶ್ನೆಯೂ ಬೇಡ ಅಂತ ಸೀನಿಯರ್‌ಗೆ ಮೊದಲೇ ಕೇಳಿಕೊಂಡಿದ್ದೆ. ಅವರು ಹಾಗೆಯೇ ನಡೆದುಕೊಂಡರು. ಕೋರ್ಟು ಮತ್ತೆ ಅಳೆಯಲು ಆದೇಶ ಮಾಡಿತು. ಎರಡನೇ ಅಳತೆಯಲ್ಲಿ ಒತ್ತುವರಿ ಮೂರು ಗುಂಟೆ ಅಲ್ಲ, ಆರು ಆಣೆ ಅಂತ ಬಂತು. ವಿಸ್ತೀರ್ಣದಲ್ಲಿ ಆಣೆ ಅಂದರೆ ಗುಂಟೆಯ ಹದಿನಾರನೇ ಒಂದು ಭಾಗ. ನಾಲ್ಕು ನೂರು ಚದರ ಅಡಿ ಚಿಲ್ಲರೆ. ಅಷ್ಟನ್ನು ನಮ್ಮ ಕಕ್ಷಿದಾರರೇ ಬಿಟ್ಟುಕೊಟ್ಟರು, ರಾಜಿ ಆಯಿತು.

2022ರ ಕೊನೆಗೆ ನನ್ನ ಹೆಸರಿನಲ್ಲೇ ವಕಾಲತ್ತು ಹಾಕಿದ ಮೊದಲ ಪಾಲು ದಾವೆ ಬಂತು. ತಂದವರು ಇಬ್ಬರು ಅಣ್ಣತಮ್ಮಂದಿರ ನಡುವಿನ ಅಕ್ಕ. ಒಬ್ಬ ತಂಗಿಯೂ ಇದ್ದರು. ಅಪ್ಪ ಅಮ್ಮ ಇಲ್ಲ. ಪಿತ್ರಾರ್ಜಿತ ತೆಂಗಿನ ತೋಟ, 2 ಎಕರೆ 16 ಗುಂಟೆ. ಪಹಣಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ. ಆಕೆ ಬಂದಾಗ ಕೈಯಲ್ಲಿ ಒಂದು 11ಇ ನಕ್ಷೆಯ ಜೆರಾಕ್ಸ್ ಇತ್ತು. ನಾನು ಮಾಡಿದ್ದಲ್ಲ, ಬೇರೆಯವರದು. ಎರಡು ಬಣ್ಣ ಹಚ್ಚಿತ್ತು. ಅದನ್ನು ನೋಡಿದಾಗ ನನ್ನ ಗಂಟಲು ಕಟ್ಟಿತು, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದಾವೆ ಹಾಕುವ ಮೊದಲು ಅಣ್ಣನವರ ಮನೆಗೆ ನೋಟಿಸು ಹೋಯಿತು. ಆತ ಆಫೀಸಿಗೇ ಬಂದು ಕೂತರು. "ತಂಗಿ ಕೇಳಬಾರದು ಅಂತ ಅಲ್ಲ ಮೇಡಂ. ಊರಲ್ಲಿ ಯಾರೂ ಕೇಳಿಲ್ಲ" ಅಂದರು. ಅವರಿಗೂ ಒಬ್ಬ ವಕೀಲರು ಬೇಕು ಅಂತ ಹೇಳಿ ಕಳಿಸಿದೆ. ವಿಚಾರಣೆಯನ್ನು ಅವರು ಜಾಸ್ತಿ ಎಳೆಯಲಿಲ್ಲ. ನಾಲ್ಕು ಮಕ್ಕಳಿಗೂ ಸಮ ಪಾಲು ಅಂತ ಪ್ರಾಥಮಿಕ ಡಿಕ್ರಿ ಆಯಿತು. 96 ಗುಂಟೆಯಲ್ಲಿ ತಲಾ 24.

ಡಿಕ್ರಿ ಬಂತು ಅಂದರೆ ಜಮೀನು ಕೈಗೆ ಬಂತು ಅಂತ ಅಲ್ಲ. ಇದನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಕಾಗದ ಪೆಟ್ಟಿಗೆಯಲ್ಲಿಟ್ಟು ಕೂತುಬಿಡುತ್ತಾರೆ. ಅಂತಿಮ ಡಿಕ್ರಿಯ ನಡವಳಿ ಆಗಬೇಕು. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಕಡೆಯಿಂದ ನೆಲದ ಮೇಲೆ ಪಾಲಾಗಬೇಕು. ಅಲ್ಲಿಗೆ ಮತ್ತೆ ಸರ್ವೆಯರ್ ಬರುತ್ತಾರೆ.

ಅಳತೆಯ ದಿನ ನಾನೂ ಹೋದೆ. ಚಿಕ್ಕ ಹುಡುಗ, ಕೈಯಲ್ಲಿ ರೋವರ್. ಈಶಾನ್ಯ ಮೂಲೆಯ ಬಾಂದು ಅವನಿಗೆ ಸಿಗುತ್ತಿರಲಿಲ್ಲ. ಬೇಲಿಯೊಳಗೆ ಯಾವ ಕಡೆ ಇರಬಹುದು ಅಂತ ನನಗೆ ನಿಂತಲ್ಲಿಂದಲೇ ಅಂದಾಜಾಗಿತ್ತು. ಬಾಯಿ ಬಿಡಲಿಲ್ಲ. ನಾನು ಆ ದಿನ ಒಂದು ಕಡೆಯವಳು. ನಾನು ತೋರಿಸಿದ ಕಲ್ಲಿನಿಂದ ಅಳತೆ ಶುರುವಾಗಬಾರದು. ಬದುವಿನ ಮೇಲೆ ಕೂತು ಕಾದೆ. ಅವನು ಅವಸರ ಪಡಲಿಲ್ಲ. ಇನ್ನೊಂದು ಮೂಲೆಗೆ ಹೋಗಿ ಅಲ್ಲಿಂದ ಅಳೆದುಕೊಂಡು ಬಂದು, ಲಂಟಾನ ಕಡಿಸಿ, ಕಲ್ಲನ್ನು ತಾನೇ ಹುಡುಕಿದ. ಎರಡು ಕಡೆಯಿಂದಲೂ ತಾಳೆ ನೋಡಿದ. ಎಷ್ಟು ಸಂತೋಷ ಆಯಿತು ಅಂದರೆ, ಹೋಗಿ ಅವನ ಬೆನ್ನು ತಟ್ಟಬೇಕು ಅನ್ನಿಸಿತು.

ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಭಾಗ ಆಯಿತು. ಅಕ್ಕನ ಪಾಲು ರಸ್ತೆ ಕಡೆಯಿಂದ ಎರಡನೆಯದು. ಅಗಲ ನಾಲ್ಕು ಚೈನು, ಉದ್ದ ಆರು ಚೈನು. ಆಕೆ ಗುಂಟೆಯ ಲೆಕ್ಕ ಕೇಳಲಿಲ್ಲ. "ಮರ ಎಷ್ಟು ಬಂದವೆ ನಂಗೆ?" ಅಂದರು. ಇಬ್ಬರೂ ಒಂದು ತುದಿಯಿಂದ ಎಣಿಸುತ್ತಾ ಹೋದೆವು. ಅಣ್ಣನೂ ಹಿಂದೆ ಬಂದು, ಬಿಟ್ಟುಹೋದ ಒಂದು ಸಸಿಯನ್ನು ತೋರಿಸಿದರು. ಅದೂ ಸೇರಿ 26.